ಜರ್ಮನಿಯ ದುಡ್ಡು, ಶೀಳನೆರೆಯ ಹೂಳು

ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಕಡೆಯ ಟ್ರಸ್ಟ್ ಕಾಲೇಜೊಂದರ ಉಪನ್ಯಾಸಕಿಯ ಪ್ರಶ್ನೆ: ಕೆರೆ ಹೂಳಿನ ಅಧ್ಯಯನಕ್ಕೆ ಜರ್ಮನಿಯ ಪ್ರಾಧ್ಯಾಪಕರೊಬ್ಬರು ಕೈಜೋಡಿಸಿದ್ದಾರೆ, ಹಣವನ್ನೂ ಕಳಿಸುತ್ತಾರಂತೆ. ಕಾಲೇಜಿನ ಖಾತೆ ಸಂಖ್ಯೆ ಕೊಡಬಹುದೇ?

ಸದ್ಯಕ್ಕೆ ಬೇಡ.

ಟ್ರಸ್ಟ್‌ಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ಇಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ, ಕೆ.ಆರ್. ಪೇಟೆಯ ಉಳಿತಾಯ ಖಾತೆಯಲ್ಲಲ್ಲ. ಬಂದ ಹಣದಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಪೂರ್ವಾನುಮತಿ ಕೇಳುವಾಗ ಕೊಡುವವರ ಪತ್ರದಲ್ಲಿ ಮೊತ್ತವೂ ಉದ್ದೇಶವೂ ಇರಬೇಕು. 'ನೋಡಿ ಕಳಿಸ್ತೀನಿ' ಅಂದರೆ ನಡೆಯದು.

ಇದಕ್ಕಿಂತ ಹಗುರವಾದ ದಾರಿ ಬೆಂಗಳೂರಿನಲ್ಲೇ ಕಂಡಿದೆ. ನಗರದ ಅಂಚಿನ ಹಳ್ಳಿಗಳು ಹೇಗೆ ಬದಲಾಗುತ್ತಿವೆ ಎಂದು ತಿಳಿಯಲು ಗಾಟಿಂಗೆನ್ ಮತ್ತು ಕಾಸೆಲ್ ವಿಶ್ವವಿದ್ಯಾಲಯಗಳು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ವಿಜ್ಞಾನಿಗಳ ಜೊತೆ 2016ರಲ್ಲಿ ಕೆಲಸ ಶುರು ಮಾಡಿದವು. ಜರ್ಮನ್ನರ ಪಾಲಿಗೆ ಅಲ್ಲಿನ ಸಂಶೋಧನಾ ಪ್ರತಿಷ್ಠಾನ, ನಮ್ಮವರ ಪಾಲಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ದುಡ್ಡು ಹಾಕಿದವು. ಅಡುಗೆ ಒಂದೇ, ದಿನಸಿ ಮಾತ್ರ ಅವರವರ ಮನೆಯದು.

ವಿದೇಶಿ ಸಂಸ್ಥೆಗಳ ಜೊತೆಗಿನ ಸಂಶೋಧನೆಗೆ ನೆರವಾಗುವ ಕೇಂದ್ರದ 'ಸ್ಪಾರ್ಕ್' ಯೋಜನೆ 2018ರಿಂದ ಇದೆಯಾದರೂ ಅದು ರಾಷ್ಟ್ರೀಯ ಶ್ರೇಯಾಂಕದ ಮೊದಲ ನೂರರ ಸಂಸ್ಥೆಗಳಿಗೆ. ಹಳ್ಳಿ ಕಾಲೇಜನ್ನು ಹೊರಗೇ ನಿಲ್ಲಿಸುವ ಈ ನಿಯಮ ಅಷ್ಟೇನೂ ನ್ಯಾಯವಲ್ಲ. ಹಾಗಾಗಿ ಬೆಂಗಳೂರಿನ ಮಾದರಿಯಲ್ಲೇ ನಮ್ಮ ಪಾಲಿನ ಹಣವನ್ನು ಇಲ್ಲೇ ಹುಡುಕಲು ಉಪನ್ಯಾಸಕಿ ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನವರನ್ನು ಜೊತೆಗೆ ಸೇರಿಸಿಕೊಳ್ಳುವುದು ಲೇಸು.

ಇನ್ನೊಂದು ಮಾತು. ಹೂಳು ತುಂಬಿದ ಡಬ್ಬಿಯನ್ನು ಉಪನ್ಯಾಸಕಿ ಜರ್ಮನಿಗೆ ಪಾರ್ಸೆಲ್ ಮಾಡಲು ಆಗಲೇ ಕಟ್ಟಿಟ್ಟಿದ್ದಾರಂತೆ. ಅದರೊಳಗಿನ ಸೂಕ್ಷ್ಮಜೀವಿಗಳಿಗೂ 2002ರ ಜೈವಿಕ ವೈವಿಧ್ಯ ಕಾಯ್ದೆ ಅನ್ವಯಿಸುತ್ತದೆ. ಅನುಮತಿಯ ವಿಚಾರ ಇತ್ಯರ್ಥವಾಗುವವರೆಗೆ ಡಬ್ಬಿ ಪ್ರಯೋಗಾಲಯದಲ್ಲೇ ಇರಲಿ.