ಅಪ್ಪನಿಗೆ ಲಕ್ವ, ಅತ್ತಿಗೆಗೆ ಬೆನ್ನುನೋವು

ಅಪ್ಪನಿಗೆ ಲಕ್ವ ಹೊಡೆದಾಗ ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಸಾಮಾನ್ಯವಾಗಿ ಹೀಗೇ ಆಗುತ್ತದಂತೆ. ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕಿಗೆ ಒಂದು ಇಂಜೆಕ್ಷನ್ ಇದೆ, ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮ್ಮದು ಅಜ್ಜಂಪುರದ ಪಕ್ಕದ ಹಳ್ಳಿ. ರಾತ್ರಿ ಮಲಗಿದವರು ಬೆಳಗ್ಗೆ ಏಳಲಾರದೆ ಬಿದ್ದಿದ್ದರು. ಶಿವಮೊಗ್ಗ ಮುಟ್ಟುವಷ್ಟರಲ್ಲಿ ಆ ಹೊತ್ತು ಮೀರಿತ್ತು. ಆಸ್ಪತ್ರೆಯ ಕಥೆ ಅಷ್ಟೇ. ನಾನು ಹೇಳಬೇಕೆಂದಿರುವುದು ಡಿಸ್ಚಾರ್ಜ್ ಆದಮೇಲಿನದು.

‘ಮನೇಲಿ ಚೆನ್ನಾಗಿ ನೋಡ್ಕೊಳ್ಳಿ’ ಅಂದರು ಡಾಕ್ಟರು. ಎಲ್ಲರೂ ತಲೆಯಾಡಿಸಿದೆವು. ಅಣ್ಣನಿಗೆ ಈರುಳ್ಳಿ ಕೀಳಿಸುವ ಕೆಲಸ, ಅಮ್ಮನಿಗೆ ಮಂಡಿನೋವು. ಅಕ್ಕ ಕಡೂರಿನಲ್ಲಿ, ನಾನು ತರೀಕೆರೆಯಲ್ಲಿ. ಹಾಗಾಗಿ ಅಪ್ಪ ಅತ್ತಿಗೆಯ ಪಾಲಿಗೆ ಬಂದರು.

ಬೆನ್ನು ಹುಣ್ಣಾಗದಂತೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ನೀರು ನೆತ್ತಿಗೇರಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಆದ್ದರಿಂದ ನೆಟ್ಟಗೆ ಕೂರಿಸಿ, ಗಟ್ಟಿ ಅಂಬಲಿಯನ್ನು ಚಮಚದಲ್ಲಿ ತಡೆದು ತಡೆದು ಕೊಡಬೇಕು. ಎಬ್ಬಿಸುವಾಗ ಸ್ವಾಧೀನವಿಲ್ಲದ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ, ಸೊಂಟಕ್ಕೆ ಕೈಕೊಟ್ಟು ಎತ್ತಬೇಕು. ಇದನ್ನೆಲ್ಲ ಫಿಸಿಯೋಥೆರಪಿಯವರು ಹೇಳಿಕೊಟ್ಟರು, ಅತ್ತಿಗೆ ಬೇಗ ಕಲಿತರು. ಕಲಿಯುವುದು ಕಷ್ಟವಲ್ಲ. ದಿನಾ ಮಾಡುವುದು, ಅದೂ ನಿದ್ದೆಗೆಟ್ಟು ಮಾಡುವುದು ಕಷ್ಟ. ಕೆಲವೇ ವಾರಗಳಲ್ಲಿ ಅವರ ನಡುವೂ ಹಿಡಿದುಕೊಂಡಿತು.

ಇದಕ್ಕಿಂತ ನೋಯಿಸಿದ್ದು ನೋಡಲು ಬಂದವರು. ಪಾರಿವಾಳದ ರಕ್ತ ಹಚ್ಚಿ ಎಂದವರನ್ನು ನಕ್ಕು ಕಳಿಸಬಹುದು. ಆದರೆ ಅಪ್ಪ ಯಾರನ್ನು ಕಂಡರೂ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನೆಂಟರು ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, ‘ಏನೋ ಸಂಕಟ ಪಡ್ತಾವ್ರೆ, ಸರಿಯಾಗಿ ನೋಡ್ಕೊಂಡಿದ್ರೆ ಹಿಂಗೆ ಅಳ್ತಿದ್ರಾ?’ ಎನ್ನುತ್ತಿದ್ದರು. ಅತ್ತಿಗೆಗೆ ಕೇಳಿಸಲೆಂದೇ. ಮುಂದಿನ ಚೆಕಪ್ಪಿನಲ್ಲಿ ಡಾಕ್ಟರನ್ನು ಕೇಳಿದೆ. ಅಳು-ನಗುವನ್ನು ಹಿಡಿತದಲ್ಲಿಡುವ ಮಿದುಳಿನ ದಾರಿಗಳಿಗೇ ಪೆಟ್ಟಾದರೆ ದುಃಖವಿಲ್ಲದೆಯೂ ಅಳು ಬರುತ್ತದೆ, ಕೆಲವರಿಗೆ ನಗು; ಅದಕ್ಕೆ ಮಾತ್ರೆಯೂ ಇದೆ ಎಂದರು. ಲಕ್ವದ ನಂತರ ಖಿನ್ನತೆ ಬರುವುದೂ ಉಂಟು, ಅದು ಬೇರೆ, ಅದನ್ನೂ ವಿಚಾರಿಸಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಇದೊಂದು ಸಾಲು ಬರೆದುಕೊಟ್ಟರೆ ಎಷ್ಟು ಸೊಸೆಯಂದಿರ ಮಾನ ಉಳಿದೀತು.

ತಿಂಗಳಿಗೊಂದು ಮನೆಯಂತೆ ಅಪ್ಪನನ್ನು ಮೂರೂ ಊರಿಗೆ ಕರೆದೊಯ್ಯೋಣ ಎಂಬ ಮಾತು ಬಂತು. ಕೇಳಲು ನ್ಯಾಯವಾಗಿತ್ತು, ನಾನು ಒಪ್ಪಲಿಲ್ಲ. ಮಾತಿಲ್ಲದವರಿಗೆ ತಮ್ಮ ಮಂಚ, ತಮ್ಮ ಬಚ್ಚಲು, ಕಿಟಕಿಯಾಚೆ ಕಾಣುವ ಕಣ ಇವೇ ಆಸರೆ. ಅವರ ಬದಲು ನಾವು ಓಡಾಡಿದೆವು. ಅಕ್ಕ ಕಡೂರಿನಿಂದ ರೈಲಿನಲ್ಲಿ ಬಂದರೆ, ನಾನು ಬಸ್ಸಿನಲ್ಲಿ. ಅಡಿಕೆ ಕೊಯ್ಲು ಶುರುವಾದಾಗ ನನಗೆ ಮನೆ ಬಿಡಲಾಗಲಿಲ್ಲ, ಆಗ ಅಕ್ಕನೇ ಹೆಚ್ಚು ಬಂದಳು. ಗೌರಿ ಹಬ್ಬಕ್ಕೆ ನಾವಿಬ್ಬರೂ ತವರಿಗೆ ಬಂದು ಅತ್ತಿಗೆಯನ್ನು ಅವರ ತವರಿಗೆ ಕಳಿಸಿದೆವು. ಬಂದವರು ಹಗಲು ಹಣ್ಣು ಕೊಟ್ಟು ಮಾತಾಡಿಸಿ ಹೋದರೆ ಪ್ರಯೋಜನವಿಲ್ಲ. ರಾತ್ರಿಯ ಪಾಳಿ ಹಿಡಿಯಬೇಕು.

ಮನೆಯವರಿಗೆ ತರಬೇತಿ ಕೊಟ್ಟರೆ ಸಾಕು ಎಂಬ ಆಸೆ ವೈದ್ಯಲೋಕಕ್ಕೂ ಇತ್ತು. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ನಡೆದ ‘ಅಟೆಂಡ್’ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮನೆಯವರಿಗೆ ವ್ಯಾಯಾಮ, ಆರೈಕೆ ಕಲಿಸಿದರೂ ಆರು ತಿಂಗಳ ಬಳಿಕ ಸಾವಿನಲ್ಲಾಗಲಿ ಪರಾವಲಂಬನೆಯಲ್ಲಾಗಲಿ ಇಳಿಕೆ ಕಾಣಲಿಲ್ಲ. ಅತ್ತಿಗೆಯನ್ನು ನೋಡಿದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಇನ್ನು ಸರ್ಕಾರದ ಮಾತು: 2024-25ರ ರಾಜ್ಯ ಬಜೆಟ್ಟಿನಲ್ಲಿ ಪಾರ್ಕಿನ್ಸನ್ಸ್, ಸೆರೆಬ್ರಲ್ ಪಾಲ್ಸಿ ಮುಂತಾದ ಕೆಲವು ಕಾಯಿಲೆಯವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿದರು. ಆ ಪಟ್ಟಿಯಲ್ಲಿ ಲಕ್ವ ಇರಲಿಲ್ಲ.

ಕೊನೆಗೆ ಹಗಲಿಗೆ ಊರಿನದೇ ಒಬ್ಬ ಹೆಂಗಸನ್ನು ಗೊತ್ತುಮಾಡಿ, ಸಂಬಳವನ್ನು ಮೂವರೂ ಹಂಚಿಕೊಳ್ಳೋಣ ಎಂದೆವು. ‘ಮನೇಲಿ ಹೆಂಗಸರು ಇದ್ದೂ ಆಳು ಯಾಕೆ?’ ಅಂದ ಅಣ್ಣ. ‘ಈರುಳ್ಳಿ ಕೀಳಕ್ಕೆ ಆಳು ಕರೀತೀಯಲ್ಲ, ಮನೇಲಿ ಗಂಡಸರು ಇಲ್ವಾ?’ ಅಂದಳು ಅಕ್ಕ. ಅಣ್ಣ ಉತ್ತರ ಕೊಡಲಿಲ್ಲ. ತನ್ನ ಪಾಲನ್ನು ತಿಂಗಳು ತಿಂಗಳೂ ಕೊಡುತ್ತಿದ್ದಾನೆ.