ಬಾಲ್ಯದಲ್ಲಿ ಹೊಕ್ಕ ಭಯ ಮತ್ತು ಅದರ ಚಿಕಿತ್ಸೆ

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಿಶುಪಾಲನೆಯ ವಿಚಾರ ಬರುತ್ತದೆ. ಮಗುವಿನ ಕೋಣೆ ಹೇಗಿರಬೇಕು, ಹಾಸಿಗೆ ಹೊದಿಕೆಗಳನ್ನು ಹೇಗೆ ಶುಚಿಯಾಗಿಡಬೇಕು, ಆಟಿಕೆಗಳು ಎಂಥವಿರಬೇಕು ಎಂಬುದನ್ನೆಲ್ಲ ವಿವರಿಸುವ ಆಚಾರ್ಯರು ಆಟಿಕೆಗಳು ಭಾರವಾಗಿರಬಾರದು, ಮೊನಚಾಗಿರಬಾರದು, ಭಯ ಹುಟ್ಟಿಸುವಂಥವೂ ಆಗಿರಬಾರದು ಎನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಎಚ್ಚರಿಕೆ ಬರುತ್ತದೆ. ಮಗುವನ್ನು ಹೆದರಿಸುವುದು ಒಳ್ಳೆಯದಲ್ಲ; ಅದು ಅತ್ತರೂ, ಉಣ್ಣಲು ಒಲ್ಲೆನೆಂದರೂ, ಹೇಳಿದ ಮಾತು ಕೇಳದಿದ್ದರೂ ರಾಕ್ಷಸ, ಪಿಶಾಚಿ, ಪೂತನಿಯರ ಹೆಸರು ಹೇಳಿ ಅಂಜಿಸಕೂಡದು ಎಂಬುದು ಅದರ ತಾತ್ಪರ್ಯ. ಸುಶ್ರುತರೂ ಮಗುವನ್ನು ಗದರಿಸಬಾರದು, ನಿದ್ರೆಯಿಂದ ಥಟ್ಟನೆ ಎಬ್ಬಿಸಬಾರದು, ಹಾಗೆ ಮಾಡಿದರೆ ಅದು ಬೆದರೀತು ಎಂದಿದ್ದಾರೆ.

ನಮ್ಮ ಮನೆಗಳಲ್ಲಿ ಈ ಮಾತು ನಡೆಯುವುದು ಕಡಿಮೆ. ತುತ್ತು ಉಣ್ಣಿಸುವಾಗ ಗುಮ್ಮನನ್ನು ಕರೆಯುತ್ತೇವೆ, ಪೊಲೀಸನನ್ನು ಕರೆಯುತ್ತೇವೆ. ಸೂಜಿ ಚುಚ್ಚುವ ಡಾಕ್ಟರನ್ನೂ ಬಿಡುವುದಿಲ್ಲ. ಗುಮ್ಮನ ಸಾಲಿನಲ್ಲಿ ನಿಂತ ವೈದ್ಯನ ಬಳಿಗೆ ಆ ಮಗು ನಾಳೆ ಧೈರ್ಯದಿಂದ ಹೇಗೆ ಬಂದೀತು? ಆದರೂ ಗುಮ್ಮನ ಹೆಸರು ಕೇಳಿದ ಮಗು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೆಲಹೊತ್ತಿಗೆ ಮರೆಯುತ್ತದೆ. ಸೆರಗೇ ಇಲ್ಲದ ಭಯ, ಎಂದರೆ ಕಾಯಬೇಕಾದವರಿಂದಲೇ ದಿನದಿನವೂ ಹುಟ್ಟುವ ಭಯ, ಮರೆತುಹೋಗುವಂಥದಲ್ಲ. ಕುಡಿದು ಬರುವ ತಂದೆ, ಕಣ್ಣೆದುರೇ ಪೆಟ್ಟು ತಿನ್ನುವ ತಾಯಿ, ಬೆತ್ತವನ್ನೇ ವಿದ್ಯೆಯೆಂದು ನಂಬಿದ ಶಿಕ್ಷಕ, ಮೈಮೇಲೆ ಕೈಹಾಕುವ ಬಂಧು, ಇವರ ನಡುವೆ ಬೆಳೆದ ಮಗುವಿನ ವಿಷಯವನ್ನೇ ಈ ಲೇಖನದಲ್ಲಿ ವಿಚಾರಿಸಬೇಕಾಗಿದೆ.

ಶರೀರವು ಮನಸ್ಸನ್ನೂ ಮನಸ್ಸು ಶರೀರವನ್ನೂ ಅನುಸರಿಸುತ್ತವೆ ಎಂಬುದು ಆಯುರ್ವೇದದ ಮೂಲಭೂತ ತಿಳಿವಳಿಕೆ. ಭಯ ಮತ್ತು ಶೋಕಗಳು ವಾತವನ್ನು ಕೆರಳಿಸುತ್ತವೆ. ಕೆರಳಿದ ವಾತವು ನಿದ್ರೆ, ಜಠರಾಗ್ನಿ, ಮಲಪ್ರವೃತ್ತಿ, ಉಸಿರು, ಎದೆಬಡಿತ ಯಾವುದನ್ನೂ ತನ್ನ ನೆಲೆಯಲ್ಲಿರಗೊಡುವುದಿಲ್ಲ. ಆಧುನಿಕ ವೈದ್ಯಶಾಸ್ತ್ರ ಇದನ್ನೇ ಬೇರೆ ಪರಿಭಾಷೆಯಲ್ಲಿ ಹೇಳುತ್ತದೆ. ಅಪಾಯ ಕಂಡಾಗ ಮೆದುಳಿನ ಅಮಿಗ್ಡಲಾ ಎಂಬ ಭಾಗ ಎಚ್ಚರಿಕೆ ಕೊಡುತ್ತದೆ. ಮೂತ್ರಪಿಂಡದ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್, ಕಾರ್ಟಿಸಾಲ್ ಸ್ರವಿಸುತ್ತವೆ. ದೇಹ ಓಡಲು ಅಥವಾ ಹೋರಾಡಲು ಸಜ್ಜಾಗುತ್ತದೆ. ಅಪಾಯ ಕಳೆದ ಮೇಲೆ ಎಲ್ಲವೂ ಶಮನವಾಗಬೇಕು. ಆದರೆ ಎಂಟು ವರ್ಷದ ಮಗು ಓಡಿ ಹೋಗುವುದೆಲ್ಲಿಗೆ? ಹೋರಾಡುವುದು ಯಾರೊಡನೆ? ಅಪಾಯ ಪ್ರತಿದಿನ ಸಂಜೆ ಅದೇ ಬಾಗಿಲಿನಿಂದ ಒಳಬರುತ್ತಿದ್ದರೆ ಆ ಸಜ್ಜು ಇಳಿಯುವುದೇ ಇಲ್ಲ. ಬೆಳೆಯುತ್ತಿರುವ ಮೆದುಳು ಅದನ್ನೇ ಸಹಜಸ್ಥಿತಿಯೆಂದು ಕಲಿತುಬಿಡುತ್ತದೆ.

ಅಮೆರಿಕದ ಸ್ಯಾನ್ ಡಿಯೆಗೊ ನಗರದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ಬೊಜ್ಜಿನ ಚಿಕಿತ್ಸಾಲಯವನ್ನು ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದ ರೋಗಿಗಳೇ ನಡುವೆ ಚಿಕಿತ್ಸೆ ಬಿಟ್ಟುಹೋಗುವುದೇಕೆಂದು ವಿಚಾರಿಸಿದಾಗ ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಈಡಾದವರೆಂದು ತಿಳಿದುಬಂದಿತು. ಅದರಿಂದ ಹುಟ್ಟಿದ ದೊಡ್ಡ ಅಧ್ಯಯನವೊಂದನ್ನು ಅವರು ರಾಬರ್ಟ್ ಆಂಡಾ ಅವರೊಡನೆ ನಡೆಸಿ 1998ರಲ್ಲಿ ಪ್ರಕಟಿಸಿದರು. ದೌರ್ಜನ್ಯ, ತಾಯಿಯ ಮೇಲಿನ ಹಿಂಸೆ, ಮನೆಯಲ್ಲಿ ಕುಡಿತ ಮುಂತಾದ ಕಹಿ ಅನುಭವಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯವನ್ನು ಬಾಲ್ಯದಲ್ಲಿ ಕಂಡವರಿಗೆ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಅಪಾಯ 4ರಿಂದ 12 ಪಟ್ಟು ಹೆಚ್ಚೆಂದು ಕಂಡಿತು. ಹೃದ್ರೋಗ, ಯಕೃತ್ತಿನ ರೋಗ, ಶ್ವಾಸಕೋಶದ ದೀರ್ಘರೋಗಗಳೂ ಅವರಲ್ಲಿ ಅಧಿಕವಾಗಿದ್ದವು. ಇದು ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೂವರಲ್ಲಿ ಇಬ್ಬರು ಪೆಟ್ಟು ತಿಂದಿದ್ದರು; ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಿಲ್ಲೊಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ಅವರಲ್ಲಿ ಗಂಡುಮಕ್ಕಳೂ ಇದ್ದರು. ಬಹುತೇಕ ಮಕ್ಕಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಐವತ್ತರ ಸಮೀಪದ ಗೃಹಸ್ಥರೊಬ್ಬರು ಬರುತ್ತಿದ್ದರು. ಬೆಳಿಗ್ಗೆ ಮನೆ ಬಿಡುವ ಮೊದಲು ನಾಲ್ಕೈದು ಸಲ ಶೌಚಕ್ಕೆ ಹೋಗಬೇಕು. ಕಚೇರಿಯಲ್ಲಿ ಮೇಲಧಿಕಾರಿಗಳ ಸಭೆಯಿದ್ದ ದಿನ ಲೆಕ್ಕವೇ ಇಲ್ಲ. ರಜೆಯ ದಿನ ಹೊಟ್ಟೆ ಸುಮ್ಮನಿರುತ್ತಿತ್ತು. ಕರುಳಿನ ಪರೀಕ್ಷೆಗಳೆಲ್ಲ ಸರಿಯಾಗಿಯೇ ಇದ್ದವು. ಚರಕರು ಅತಿಸಾರದ ಪ್ರಕರಣದಲ್ಲಿ ದೋಷಗಳಿಂದಾಗುವ ಬಗೆಗಳ ಜೊತೆಗೆ ಭಯದಿಂದ ಒಂದು, ಶೋಕದಿಂದ ಒಂದು ಎಂದು ಪ್ರತ್ಯೇಕವಾಗಿ ಎಣಿಸಿದ್ದಾರೆ. ಅದನ್ನು ನೆನೆದು, ಈ ತೊಂದರೆ ಯಾವ ವಯಸ್ಸಿನಿಂದ ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಮೂರನೆಯ ಇಯತ್ತೆಯಿಂದ ಎಂದರು. ಪ್ರತಿದಿನ ಶಾಲೆಗೆ ಹೊರಡುವ ಮೊದಲು ತಂದೆಯ ಮುಂದೆ ನಿಂತು ಮಗ್ಗಿ ಒಪ್ಪಿಸಬೇಕಿತ್ತು. ತಪ್ಪಿದರೆ ಸೊಂಟದ ಪಟ್ಟಿ ಹೊರಬರುತ್ತಿತ್ತು. "ಅಪ್ಪಾರು ತೀರಿಕೊಂಡು ಇಪ್ಪತ್ತು ವರ್ಷ ಆತ್ರಿ ಡಾಕ್ಟ್ರ, ಹೊಟ್ಟಿಗೆ ಮಾತ್ರ ಇನ್ನೂ ಗೊತ್ತಾಗಿಲ್ರಿ" ಎಂದು ನಕ್ಕರು. ಆ ನಗೆಯ ಹಿಂದೆಯೇ ಕಣ್ಣೀರು ಬಂತು.

ಅವರಿಗೆ ದಾಡಿಮಾಷ್ಟಕ ಚೂರ್ಣ, ಊಟದ ನಂತರ ಜೀರಿಗೆ ಹಾಕಿದ ತಿಳಿಮಜ್ಜಿಗೆ, ಹೊತ್ತಿಗೆ ಸರಿಯಾದ ಊಟ ಇವಿಷ್ಟನ್ನು ಹೇಳಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕಳುಹಿಸಿದೆ. ಅಲ್ಲಿ ಮಾತಿನ ಚಿಕಿತ್ಸೆ ನಡೆಯಿತು. ಆದರೆ ಅವರೇ ಹೇಳಿದಂತೆ ಹೆಚ್ಚು ಗುಣ ಕೊಟ್ಟದ್ದು ಅವರ ಅಕ್ಕನ ಒಂದು ಮಾತು. ಹಬ್ಬಕ್ಕೆ ತವರಿಗೆ ಬಂದಿದ್ದ ಆ ತಾಯಿಯ ಮುಂದೆ ಅವರು ವಿಷಯ ತೆಗೆದಾಗ, ಅಕ್ಕ ಜಾರಿಕೊಳ್ಳಲಿಲ್ಲ. ನನಗೂ ನೆನಪಿದೆ, ನಾನು ಕಣಜದ ಹಿಂದೆ ಕಿವಿ ಮುಚ್ಚಿಕೊಂಡು ಕೂಡುತ್ತಿದ್ದೆ ಎಂದರಂತೆ. ನಡೆದದ್ದು ನಿಜ, ಅದು ತನ್ನ ತಪ್ಪಿಗಾಗಿ ನಡೆದದ್ದಲ್ಲ ಎಂಬುದಕ್ಕೆ ಒಬ್ಬ ಸಾಕ್ಷಿ ಸಿಕ್ಕಿದ ಹಾಗಾಯಿತು. ಎಂಟು ತಿಂಗಳಲ್ಲಿ ಅವರ ಬೆಳಗುಗಳು ಬಹುಮಟ್ಟಿಗೆ ಸರಿಹೋದವು. ಪೂರ್ತಿ ಸರಿಹೋದವೆಂದು ಹೇಳಲಾರೆ.

ಬಹಳ ಮನೆಗಳಲ್ಲಿ ಇಂಥ ಅಕ್ಕ ದೊರೆಯುವುದಿಲ್ಲ. ಆದದ್ದು ಆಯಿತು, ಹಳೆಯದನ್ನು ಕೆದಕಬೇಡ, ಹೆತ್ತವರ ಬಗ್ಗೆ ಹಾಗೆ ಮಾತನಾಡಬಾರದು, ಮನೆತನದ ಮರ್ಯಾದೆ ನೋಡು ಎಂಬ ಉಪದೇಶಗಳೇ ದೊರೆಯುತ್ತವೆ. ಕ್ಷಮಿಸಿಬಿಡು ಎನ್ನುವವರೂ ಉಂಟು. ಕ್ಷಮೆ ದೊಡ್ಡ ಗುಣವೇ ಹೌದು. ಆದರೆ ನೊಂದವನ ನೋವನ್ನು ಒಮ್ಮೆಯೂ ಕೇಳದೆ ಅವನಿಂದ ಕ್ಷಮೆಯನ್ನು ವಸೂಲು ಮಾಡುವುದು ಕೀವು ತುಂಬಿದ ಹುಣ್ಣಿನ ಮೇಲೆ ಪಟ್ಟಿ ಕಟ್ಟಿದಂತೆ ಎಂಬುದು ನನ್ನ ಅಭಿಪ್ರಾಯ. ತಂದೆತಾಯಿಗಳನ್ನು ಗೌರವಿಸುವುದಕ್ಕೂ ಅವರಿಂದಾದ ನೋವನ್ನು ನೋವೆಂದು ಕರೆಯುವುದಕ್ಕೂ ವಿರೋಧವಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಚರಕರು ಸತ್ತ್ವಾವಜಯ ಎಂಬುದನ್ನು ಹೇಳಿದ್ದಾರೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಡಿದು ನಿಲ್ಲಿಸುವುದು ಅದರ ಅರ್ಥ. ಹಿಡಿದು ನಿಲ್ಲಿಸಬೇಕಾದರೆ ಮೊದಲು ಅದು ಎಲ್ಲಿ ಓಡುತ್ತಿದೆಯೆಂದು ತಿಳಿಯಬೇಕಷ್ಟೆ. ಭಯಶೋಕಾದಿಗಳಿಂದ ಕೆಟ್ಟ ಮನಸ್ಸಿಗೆ ಅವುಗಳ ವಿರುದ್ಧ ಭಾವವನ್ನು ಒದಗಿಸಬೇಕೆಂದೂ ಉನ್ಮಾದ ಚಿಕಿತ್ಸೆಯಲ್ಲಿ ಹೇಳಿದೆ. ಭಯಕ್ಕೆ ವಿರುದ್ಧವಾದದ್ದು ಅಭಯ. ಅದೇ ಅಧ್ಯಾಯದಲ್ಲಿ ರೋಗಿಯನ್ನು ಗದರಿಸುವ, ಹೆದರಿಸುವ ಉಪಾಯಗಳೂ ಇವೆ. ಬಾಲ್ಯದ ಭಯದಿಂದ ನರಳುವವರ ಮೇಲೆ ಅವುಗಳನ್ನು ಎಂದಿಗೂ ಪ್ರಯೋಗಿಸಬಾರದು. ಶಾಸ್ತ್ರದಲ್ಲಿದೆ ಎಂಬುದು ಸಾಕಾದ ಕಾರಣವಲ್ಲ.

ಅಭ್ಯಂಗವು ವಾತಕ್ಕೆ ಉತ್ತಮವಾದರೂ ಅಲ್ಲೊಂದು ಸೂಕ್ಷ್ಮವಿದೆ. ಬಾಲ್ಯದಲ್ಲಿ ಮೈಮೇಲೆ ದೌರ್ಜನ್ಯ ನಡೆದವರಿಗೆ ಅಪರಿಚಿತರ ಕೈ ತಗುಲುವುದೇ ನರಕವಾಗಬಹುದು. ವೈದ್ಯರು ಕೇಳದೆ ಮುಟ್ಟಬಾರದು. ಅಂಥವರು ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ತಾವೇ ಅಂಗಾಲು, ಕೈಕಾಲುಗಳಿಗೆ ಮಲಗುವ ಮೊದಲು ಹಚ್ಚಿಕೊಂಡರೆ ಸಾಕು. ಬ್ರಾಹ್ಮಿ, ಶಂಖಪುಷ್ಪಿ, ಅಶ್ವಗಂಧಗಳನ್ನು ವೈದ್ಯರ ಸಲಹೆಯಂತೆಯೇ ಸೇವಿಸಬೇಕು. ಗರ್ಭಿಣಿಯರಿಗೆ, ಥೈರಾಯ್ಡ್ ಅಥವಾ ಯಕೃತ್ತಿನ ತೊಂದರೆಯಿರುವವರಿಗೆ ಅಶ್ವಗಂಧ ತಾನಾಗಿಯೇ ಕೊಂಡು ತಿನ್ನುವ ವಸ್ತುವಲ್ಲ. ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ಆಯುರ್ವೇದದ ಹೆಸರಿನಲ್ಲಿ ಯಾರೂ ನಿಲ್ಲಿಸಬಾರದು.

ಧ್ಯಾನದ ವಿಷಯವಾಗಿಯೂ ಭಕ್ತರು ಕೇಳುತ್ತಾರೆ. ಕಣ್ಣು ಮುಚ್ಚಿ ಕುಳಿತೊಡನೆ ಹಳೆಯ ದೃಶ್ಯಗಳು ನುಗ್ಗಿ ಬಂದು ಬೆವರುವವರನ್ನು ನಾನು ಕಂಡಿದ್ದೇನೆ. ಅವರನ್ನು ಬಲವಂತದಿಂದ ಕೂಡಿಸಬಾರದು. ಇಷ್ಟಲಿಂಗಪೂಜೆಯನ್ನು ಔಷಧಿಯ ಮಟ್ಟಕ್ಕೆ ಇಳಿಸುವ ಉದ್ದೇಶ ನನಗಿಲ್ಲ. ಆದರೂ ವೈದ್ಯನಾಗಿ ಒಂದನ್ನು ಗಮನಿಸಿದ್ದೇನೆ: ಅಲ್ಲಿ ಕಣ್ಣು ತೆರೆದಿರುತ್ತದೆ, ದೃಷ್ಟಿಗೆ ಒಂದು ನೆಲೆಯಿರುತ್ತದೆ, ಅಂಗೈಯಲ್ಲಿ ತಂಪಾದ ಭಾರವಿರುತ್ತದೆ. ಮನಸ್ಸು ಹಿಂದಕ್ಕೆ ಓಡಿದರೂ ಈ ಹೊತ್ತಿಗೆ ಮರಳಲು ದಾರಿಯಿರುತ್ತದೆ. ಆರಂಭಕ್ಕೆ ಐದು ನಿಮಿಷವಾದರೂ ಆದೀತು.

ಇನ್ನು ಈಗಿನ ಮಕ್ಕಳ ವಿಚಾರ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಎಮಿ ವರ್ನರ್ ಎಂಬ ವಿದುಷಿ ದಶಕಗಳ ಕಾಲ ಗಮನಿಸಿದರು. ಬಡತನ, ಕಲಹ, ಕುಡಿತಗಳ ನಡುವೆ ಬೆಳೆದವರಲ್ಲಿಯೂ ಸುಮಾರು ಮೂರನೆಯ ಒಂದು ಭಾಗ ಸಮರ್ಥರಾಗಿ ಬಾಳಿದರು. ಅಂಥವರ ಬಾಲ್ಯದಲ್ಲಿ ಕಂಡುಬಂದ ಒಂದು ಮುಖ್ಯ ಸಂಗತಿಯೆಂದರೆ, ನಂಬಬಹುದಾದ ಒಬ್ಬ ಹಿರಿಯರಾದರೂ ಅವರಿಗಿದ್ದದ್ದು. ಅಜ್ಜಿಯಾಗಬಹುದು, ಶಿಕ್ಷಕಿಯಾಗಬಹುದು. ನಮ್ಮ ಮಠಗಳ ಪ್ರಸಾದನಿಲಯಗಳಲ್ಲಿ ದೂರದ ಹಳ್ಳಿಗಳ ಸಾವಿರಾರು ಮಕ್ಕಳು ಓದುತ್ತಾರೆ. ಆ ಹಿರಿಯರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ತಾಯಿಯೂ ಆಗಬಹುದು.

ಹತ್ತು ವರ್ಷದ ಹುಡುಗ ಮತ್ತೆ ಹಾಸಿಗೆ ಒದ್ದೆ ಮಾಡಲು ತೊಡಗಿದರೆ, ಚೂಟಿಯಾಗಿದ್ದವನು ಮಂಕಾದರೆ, ಪದೇ ಪದೇ ಹೊಟ್ಟೆನೋವು ಎಂದರೆ, ಒಬ್ಬ ವ್ಯಕ್ತಿಯ ಬಳಿ ಮಾತ್ರ ಹೋಗಲೊಲ್ಲನಾದರೆ ನಿಲಯಪಾಲಕರು ಗದರಿಸದೆ, ಉಳಿದ ಮಕ್ಕಳೆದುರು ಹಾಸಿಗೆಯ ಸುದ್ದಿ ಎತ್ತದೆ, ಒಬ್ಬನನ್ನೇ ಕರೆದು ಸಮಾಧಾನದಿಂದ ಕೇಳಬೇಕು. ಹೇಳಿದರೆ ನಂಬಬೇಕು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಪೀಡಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಹದಿನೆಂಟು ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಪ್ರತಿಯೊಬ್ಬರ ಕರ್ತವ್ಯ. ಮನೆಯಾಗಲಿ, ಶಾಲೆಯಾಗಲಿ, ಮಠವಾಗಲಿ ಇದಕ್ಕೆ ಹೊರತಲ್ಲ. ಸಂಸ್ಥೆಯ ಹೆಸರು ಕೆಡುತ್ತದೆಂದು ಮುಚ್ಚಿಡುವುದೂ ಅಪರಾಧ. ಮಕ್ಕಳ ಸಹಾಯವಾಣಿ 1098. ವಯಸ್ಕರು ತಮ್ಮ ಮನಸ್ಸಿನ ತೊಂದರೆಯನ್ನು ಹೇಳಿಕೊಳ್ಳಲು ಟೆಲಿ ಮಾನಸ್ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.