ನಕ್ಷೆಯಲ್ಲಿ ನಮ್ಮ ಊರು

ಕೆಮ್ಮಣ್ಣು ನೀರಿನ ನಡುವಿನ ಊರು. ಪಕ್ಕದಲ್ಲಿ ಸ್ವರ್ಣಾ ನದಿ. ಹೊಳೆಯ ನಡುವೆ ಕುದ್ರುಗಳು. ತಿಮ್ಮಣ್ಣ ಕುದ್ರುವಿಗೆ ತೂಗು ಸೇತುವೆ ಉಂಟು. ಹೂಡೆ ದಾಟಿ ಕೋಡಿ ಬೆಂಗ್ರೆಗೆ ಹೋದರೆ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು.

ಜೋರು ಮಳೆ ಬಂದರೆ ಇಲ್ಲಿನ ಹೆಂಗಸರಿಗೆ ಮೂರು ಚಿಂತೆ. ನೀರು ಎಲ್ಲಿಯವರೆಗೆ ಬಂತು? ಯಾವ ದಾರಿಯಲ್ಲಿ ಹೋಗಬಹುದು? ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು?

2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಭಾರೀ ಮಳೆಗೆ ಸ್ವರ್ಣಾ ಉಕ್ಕಿತು. ಮನೆಗಳಿಗೆ ನೀರು ನುಗ್ಗಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಅದು ನಮ್ಮ ಕಡಲಲ್ಲಿ ಉತ್ತರಕ್ಕೆ ಸಾಗಿ, ಮೇ 17ರ ರಾತ್ರಿ ಗುಜರಾತಿನಲ್ಲಿ ದಡ ಹತ್ತಿತು. ಗಾಳಿ ದೂರದಲ್ಲೇ ಹೋದರೂ ಇಲ್ಲಿ ಕಡಲು ಉಕ್ಕಿ ದಡ ಕೊರೆಯಿತು.

ಇಂಥ ಹೊತ್ತಿನಲ್ಲಿ ನಕ್ಷೆ ಬೇಕು. ಅದನ್ನು ಯಾರು ಬರೆಯುತ್ತಾರೆ? ಕಲಿಕಾ ಕೇಂದ್ರದ ಈ ಮಾತುಕತೆ ಓದಿ.

ಅಕ್ಕ: ನಕ್ಷೆ ಮಾಡುವುದು ಸರಕಾರದವರಲ್ಲವಾ ಟೀಚರೇ?

ಟೀಚರ್: ಸರಕಾರವೂ ಮಾಡ್ತದೆ ಅಕ್ಕ. ಜನರೇ ಸೇರಿ ಮಾಡಿದ ನಕ್ಷೆಯೂ ಉಂಟು. ಅದರ ಹೆಸರು ಓಪನ್ ಸ್ಟ್ರೀಟ್ ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ನೋಡಬಹುದು. ಯಾರು ಬೇಕಾದರೂ ಅದಕ್ಕೆ ಸೇರಿಸಬಹುದು, ತಪ್ಪಿದ್ದರೆ ತಿದ್ದಬಹುದು.

ಅಕ್ಕ: ಅದಕ್ಕೆ ಸಂಬಳ ಉಂಟಾ?

ಟೀಚರ್: ಹೆಚ್ಚಿನವರಿಗೆ ಇಲ್ಲ. ಅವರು ಸ್ವಯಂಸೇವಕರು. 2013ರಲ್ಲಿ ಫಿಲಿಪ್ಪೀನ್ಸ್ ದೇಶಕ್ಕೆ ಹೈಯಾನ್ ಎಂಬ ದೊಡ್ಡ ಚಂಡಮಾರುತ ಬಡಿಯಿತು. ಬೇರೆ ಬೇರೆ ದೇಶದವರು ತಮ್ಮ ಮನೆಯಲ್ಲೇ ಕೂತು, ಆಕಾಶದಿಂದ ತೆಗೆದ ಫೋಟೋ ನೋಡಿ, ಅಲ್ಲಿನ ರಸ್ತೆ, ಮನೆಗಳ ಗುರುತು ಹಾಕಿದರು. ಪರಿಹಾರಕ್ಕೆ ಹೋದವರಿಗೆ ಆ ನಕ್ಷೆ ದಾರಿ ತೋರಿಸಿತು.

ಅಕ್ಕ: ಆಕಾಶದ ಫೋಟೋದಲ್ಲಿ ಎಲ್ಲ ಕಾಣ್ತದಾ?

ಟೀಚರ್: ಮಾಡು ಕಾಣ್ತದೆ. ಅದು ಶಾಲೆಯೋ ಅಂಗಡಿಯೋ ಎಂದು ಗೊತ್ತಾಗುವುದಿಲ್ಲ. ಕುದ್ರುವಿನ ಹೆಸರು ಗೊತ್ತಾಗುವುದಿಲ್ಲ. ಯಾವ ದಾರಿಗೆ ಮೊದಲು ನೀರು ಬರ್ತದೆ, ದೋಣಿ ಎಲ್ಲಿ ನಿಲ್ತದೆ ಎಂಬುದೂ ಇಲ್ಲ. ಅದನ್ನು ಬಲ್ಲವರು ಯಾರು?

ಅಕ್ಕ: ನಾವೇ!

ಅಕ್ಕ ಹೇಳಿದ್ದು ಸರಿ. ದೂರದವರು ಗೆರೆ ಎಳೆಯಬಹುದು. ಗೆರೆಗೆ ಹೆಸರು ಕೊಡಬೇಕಾದವರು ಊರಿನವರು.

ಎರಡು ಬಗೆಯ ಗುರುತು

ರಸ್ತೆ, ಸೇತುವೆ, ಶಾಲೆ, ಆಸ್ಪತ್ರೆ ಬೇಗ ಬದಲಾಗುವುದಿಲ್ಲ. ಇವನ್ನು ಮಳೆಗಾಲಕ್ಕೆ ಮೊದಲೇ ಬರೆದಿಡಬೇಕು.

"ಇಲ್ಲಿ ಸೊಂಟದವರೆಗೆ ನೀರು" ಎಂಬುದು ಇಂದಿನ ಸುದ್ದಿ. ನಾಳೆ ಅದು ಸುಳ್ಳಾಗಬಹುದು. ಇದಕ್ಕೆ ಬೇರೆಯೇ ನಕ್ಷೆ ಮಾಡುತ್ತಾರೆ. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಜನ ಹೀಗೆ ಮಾಡಿದರು. ಯಾವ ಬೀದಿಯಲ್ಲಿ ಎಷ್ಟು ನೀರು ಎಂದು ಒಂದೇ ನಕ್ಷೆಯಲ್ಲಿ ಬರೆದರು. ಊರು ಬಿಟ್ಟು ಹೋದವರು ಅದನ್ನು ನೋಡಿ ತಮ್ಮ ಬೀದಿಯ ಸುದ್ದಿ ತಿಳಿದರು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ನೆರೆ ಬಂದಾಗಲೂ ಜನ ಮುಳುಗಿದ ರಸ್ತೆಗಳನ್ನು ಗುರುತಿಸಿದರು.

ಇಂಥ ನಕ್ಷೆಗೆ ದಿನವೂ ಆರೈಕೆ ಬೇಕು. ನೀರು ಇಳಿದ ಮೇಲೂ "ದಾರಿ ಬಂದ್" ಎಂದೇ ಇದ್ದರೆ ಆಂಬುಲೆನ್ಸ್ ಸುತ್ತಿ ಬರಬೇಕಾದೀತು. ದಾರಿ ಮುಳುಗಿದ ಮೇಲೂ "ಹೋಗಬಹುದು" ಎಂದಿದ್ದರೆ ಜೀವಕ್ಕೇ ಅಪಾಯ. ಹಳೆಯ ಗುರುತು ಅಳಿಸುವುದೂ ಸೇವೆಯೇ.

ನೆನಪಿಡಿ

1. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ. ಯಾರೋ ಹೇಳಿದ್ದನ್ನು ಬರೆಯಬೇಡಿ.
2. ದಿನಾಂಕ, ಗಂಟೆ ಬರೆಯಿರಿ.
3. ರೋಗಿಗಳ, ಬಸುರಿಯರ, ಒಂಟಿ ಹೆಂಗಸರ ಹೆಸರು ಹಾಕಬೇಡಿ. ಆ ನಕ್ಷೆಯನ್ನು ಎಲ್ಲರೂ ನೋಡುತ್ತಾರೆ. ಅದನ್ನು ಆಶಾ ಕಾರ್ಯಕರ್ತೆಗೆ, ಪಂಚಾಯತಿಗೆ ತಿಳಿಸಿ.
4. ಅಪಾಯ ಬಂದರೆ ಮೊದಲು ಫೋನ್ ಮಾಡಿ. ಜಿಲ್ಲಾ ಕಂಟ್ರೋಲ್ ರೂಮ್: 1077. ತುರ್ತು ಕರೆ: 112.
5. ಗಾಳಿಗೆ ಕರೆಂಟು, ನೆಟ್‌ವರ್ಕ್ ಹೋಗಬಹುದು. ಕಾಗದದ ನಕ್ಷೆಯೂ ಮನೆಯಲ್ಲಿರಲಿ.

ಮಾಡಿ ನೋಡಿ

ನಾಲ್ಕೈದು ಮಂದಿ ಸೇರಿ. ದೊಡ್ಡ ಕಾಗದದಲ್ಲಿ ಮೊದಲು ಹೊಳೆ ಬರೆಯಿರಿ. ಆಮೇಲೆ ರಸ್ತೆ, ಕಾಲುದಾರಿ, ಸೇತುವೆ, ಶಾಲೆ, ಅಂಗನವಾಡಿ, ಬಾವಿ. ಮೊದಲು ನೀರು ಬರುವ ಜಾಗಕ್ಕೆ ನೀಲಿ ಬಣ್ಣ, ಎತ್ತರದ ಜಾಗಕ್ಕೆ ಹಸಿರು ಬಣ್ಣ ಹಾಕಿ. ಪ್ರತಿ ಜಾಗದ ಹೆಸರನ್ನು ನೀವೇ ಬರೆಯಿರಿ. ನೀವು ಕರೆಯುವ ಹೆಸರೇ ಇರಲಿ. ಆಮೇಲೆ ಮೊಬೈಲ್ ಬಲ್ಲ ಮಗಳ ಅಥವಾ ಮಗನ ಜೊತೆ ಕೂತು ಹೋಲಿಸಿ ನೋಡಿ. ಮೊಬೈಲಿನ ನಕ್ಷೆಯಲ್ಲಿ ಯಾವ ಹೆಸರು ಇಲ್ಲ? ಅದನ್ನು ಸೇರಿಸಿ.

ಉತ್ತರ ಬರೆಯಿರಿ

1. ಸ್ವಯಂಸೇವಕರು ಎಂದರೆ ಯಾರು?
2. ಆಕಾಶದ ಫೋಟೋದಲ್ಲಿ ಏನು ಗೊತ್ತಾಗುವುದಿಲ್ಲ?
3. ಹಳೆಯ ಗುರುತನ್ನು ಏಕೆ ಅಳಿಸಬೇಕು?
4. ನಿಮ್ಮ ಮನೆಯಿಂದ ಎತ್ತರದ ಜಾಗಕ್ಕೆ ಯಾವ ದಾರಿಯಲ್ಲಿ ಹೋಗುತ್ತೀರಿ?